ಇಪ್ಪತ್ತೊಂಬತ್ತರ ಖಾಲಿ ಚೀಟಿ

ಬೆಳಗಿನ ಐದೂಕಾಲು. ಕ್ರೀಡಾಂಗಣದ ಮೇಲೆ ಕವಿದ ಮಂಜು ಇನ್ನೂ ಸರಿದಿಲ್ಲ. ಗೇಟಿನ ಪಕ್ಕದ ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದ ಕಾವಲುಗಾರರು, ಅದು ಒಣಗುವವರೆಗೆ ಸೀಮೆಸುಣ್ಣ ಹಿಡಿದು ಖಾಲಿ ಮೈದಾನವನ್ನೇ ನೋಡುತ್ತ ನಿಂತಿದ್ದಾರೆ. ಇಲ್ಲಿ ವಾಕಿಂಗಿಗೆ ಬರುವವರೆಲ್ಲ ಅವರನ್ನು ಕರೆಯುವುದು ‘ತಾರೀಕಪ್ಪ’ ಎಂದೇ.

‘ಈ ಹೊತ್ತಲ್ಲಿ ಹಳಬರೆಲ್ಲ ಓಡ್ತಿರ್ತಾರೆ ನೋಡಿ,’ ಎನ್ನುತ್ತಾರೆ. ನನಗೆ ಕಾಣುವುದು ಬರೀ ಮಂಜು. ಆದರೂ ಅವರ ಪಕ್ಕ ಎರಡು ನಿಮಿಷ ನಿಂತರೆ ಹೆಜ್ಜೆ ಸಪ್ಪಳ ಕೇಳಿದಂತಾಗುವುದು ಸುಳ್ಳಲ್ಲ.

ಮೂವತ್ತೊಂದು ವರ್ಷಗಳಿಂದ ಅವರು ಈ ಹಲಗೆಯ ಮೇಲೆ ದಿನಕ್ಕೊಂದು ಸಾಲು ಬರೆಯುತ್ತಿದ್ದಾರೆ. ಇದೇ ಮೈದಾನದಲ್ಲಿ, ಇದೇ ತಾರೀಕಿನಂದು, ಎಂದೋ ನಡೆದದ್ದು. ಬರೆಯಿರಿ ಎಂದು ಯಾರೂ ಹೇಳಿಲ್ಲ. ಕಾವಲು ಕೋಣೆಯ ಮರದ ಪೆಟ್ಟಿಗೆಯಲ್ಲಿ ಮುನ್ನೂರ ಅರವತ್ತಾರು ಚೀಟಿಗಳಿವೆ. ಮಾರ್ಚ್ ಮೂರು: ಎತ್ತರ ಜಿಗಿತ ಗೆದ್ದ ಹುಡುಗಿ, ಕೋಲು ಬಿದ್ದಿಲ್ಲವೆಂದು ನಂಬದೆ ಮೂರು ಸಲ ತಿರುಗಿ ನೋಡಿದಳು. ಜೂನ್ ಹತ್ತೊಂಬತ್ತು: ನಾಯಿಯೊಂದು ಚೆಂಡು ಕಚ್ಚಿಕೊಂಡು ಓಡಿ, ಫೈನಲ್ ಪಂದ್ಯ ಹನ್ನೊಂದು ನಿಮಿಷ ನಿಂತಿತು. ‘ಆ ನಾಯೀನ ಹಿಡಿದೋನು ನಾನೇ. ಹೆಸರು ಹಾಕ್ಕೊಂಡಿಲ್ಲ ಅಷ್ಟೆ!’

ಅವರದೊಂದು ಕಟ್ಟುನಿಟ್ಟು ಇದೆ. ‘ಕಚೇರಿ ಪುಸ್ತಕದಲ್ಲಿ ಇರಬೇಕು. ಇಲ್ಲಾಂದ್ರೆ ಕಣ್ಣಾರೆ ಕಂಡೋರು ಇಬ್ಬರು ಹೇಳಬೇಕು. ಬಾಯಿಗೆ ಬಂದಿದ್ದೆಲ್ಲ ಬರೆದ್ರೆ ಹಲಗೆಗೆ ಏನು ಮರ್ಯಾದೆ?’

ಆ ಕಟ್ಟುನಿಟ್ಟು ಅವರ ಕೈಯನ್ನೇ ಕಟ್ಟಿಹಾಕಿತ್ತು. ಫೆಬ್ರವರಿ ಇಪ್ಪತ್ತೊಂಬತ್ತರ ಚೀಟಿ ಖಾಲಿ. ಮೂವತ್ತಾರು ವರ್ಷಗಳ ಹಿಂದೆ ಅದೇ ದಿನ ಅವರ ಅಕ್ಕ ಇಲ್ಲಿ ಹತ್ತು ಸಾವಿರ ಮೀಟರ್ ಓಡಿದ್ದರು. ಉಳಿದವರೆಲ್ಲ ಮುಗಿಸಿದಾಗ ಅಕ್ಕನಿಗೆ ಇನ್ನೂ ಮೂರು ಸುತ್ತು ಬಾಕಿ. ಸಮಯ ಬರೆಯುವವರು ‘ಮುಗಿಸಲಿಲ್ಲ’ ಎಂದು ಬರೆದು ಬಸ್ಸಿಗೆ ನಡೆದರು. ಅಕ್ಕ ಮುಗಿಸಿದರು. ಕಂಡದ್ದು ತಮ್ಮ ಒಬ್ಬನೇ.

‘ಓಡಿದೋಳ ಸಾಕ್ಷಿ ಲೆಕ್ಕಕ್ಕಿಲ್ಲ. ಉಳಿದಿದ್ದು ನಾನೊಬ್ಬ.’ ಹಾಗಾಗಿ ಏಳು ಸಲ ಬಂದ ಇಪ್ಪತ್ತೊಂಬತ್ತರಂದು ಹಲಗೆ ಖಾಲಿಯಾಗಿಯೇ ಉಳಿದಿತ್ತು. ‘ಊರೋರದ್ದೆಲ್ಲ ಬರೀತೀಯ, ಮನೆಯೋಳದ್ದು ಬಿಟ್ಟು,’ ಎಂದು ಅಕ್ಕ ನಗುತ್ತಿದ್ದರು. ಆ ನಗು ತಮಗೆ ಚುಚ್ಚುತ್ತಿತ್ತು ಎಂದು ತಾರೀಕಪ್ಪ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮುಂದಿನ ತಿಂಗಳು ಇಲ್ಲಿಗೆ ವಿದ್ಯುತ್ ಫಲಕ ಬರಲಿದೆ. ಕರಿಹಲಗೆಗೆ ಇಂದಿನದೇ ಕೊನೆಯ ಇಪ್ಪತ್ತೊಂಬತ್ತು.

ಹಲಗೆ ತೆಗೆಯುತ್ತಾರಂತೆ ಎಂದು ಕೇಳಿ, ಕಳೆದ ವಾರ, ಅಂದು ಓಟದ ಸಮಯ ಬರೆದಿದ್ದವರೇ ಕೋಲೂರಿಕೊಂಡು ಬಂದರು. ಚೀಟಿಗಳನ್ನು ತಿರುವಿಹಾಕುತ್ತ ಇಪ್ಪತ್ತೊಂಬತ್ತರ ಖಾಲಿ ಚೀಟಿಯನ್ನು ಕೈಗೆತ್ತಿಕೊಂಡರು. ಆಮೇಲೆ ಅಂದರಂತೆ: ‘ಬಸ್ಸು ಹೊರಡೋಕೆ ತಡ ಆಯ್ತಪ್ಪ. ಕಿಟಕಿಯಿಂದ ಗೇಟಿನೊಳಗೆ ನೋಡ್ತಾನೇ ಇದ್ದೆ. ಆ ಹುಡುಗಿ ಗೆರೆ ದಾಟಿದ್ಲು. ಇಳಿದು ಬಂದು ತಿದ್ದೋಕೆ ನಾಚಿಕೆ ಆಯ್ತು.’

ಸಾಕ್ಷಿ ಎರಡಾಯಿತು.

ಹಲಗೆ ಒಣಗಿದೆ. ತಾರೀಕಪ್ಪ ಗುಂಡಗಿನ ಅಕ್ಷರಗಳಲ್ಲಿ ಬರೆಯುತ್ತಾರೆ: ‘ಫೆಬ್ರವರಿ 29. ಹತ್ತು ಸಾವಿರ ಮೀಟರ್. ಎಲ್ಲರೂ ಹೋದ ಮೇಲೆ ಒಬ್ಬಳು ಓಟ ಮುಗಿಸಿದಳು.’

ಮಂಡಿನೋವಿನ ಅಕ್ಕ ಎಂದಿನಂತೆ ನಿಧಾನವಾಗಿ ನಡೆದು ಬರುತ್ತಾರೆ. ಓದುತ್ತಾರೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದುತ್ತಾರೆ.

‘ಕೊನೇಲಿ ಬಂದ್ಲು ಅಂತ ಹಾಕಿಲ್ವಲ್ಲೋ?’

‘ಜಾಗ ಸಾಲಲಿಲ್ಲ ಕಣಕ್ಕ,’ ಎನ್ನುತ್ತಾರೆ ತಾರೀಕಪ್ಪ.

ಹಲಗೆ ಅರ್ಧಕ್ಕರ್ಧ ಖಾಲಿಯಿದೆ.