ಸ್ಪ್ಯಾನಿಷ್‌ನಲ್ಲಿ ಹಿದುಕಿದ ಅವರೆಕಾಳು

ಡಿಗ್ರಿಗೆ ಸೇರುವಾಗ ಭಾಷಾ ವಿಷಯವಾಗಿ ನಾನು ಸ್ಪ್ಯಾನಿಷ್ ತೆಗೆದುಕೊಂಡೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ. ನಿಜವಾದ ಕಾರಣ ಹಠ. ಅಡ್ಮಿಶನ್ ದಿನ ಕಿಟಕಿಯಾಚೆ ಕುಳಿತಿದ್ದವರು ನನ್ನ ಕನ್ನಡ ಮೀಡಿಯಂ ಮಾರ್ಕ್ಸ್ ಕಾರ್ಡ್ ನೋಡಿ, "ಯಾಕಮ್ಮ ರಿಸ್ಕು? ಕನ್ನಡಾನೇ ತಗೋ, ಸ್ಕೋರ್ ಆಗತ್ತೆ" ಅಂದರು. ಅಷ್ಟು ಸಾಕಾಯಿತು. ಬೇಡ ಎಂದದ್ದನ್ನೇ ಮಾಡುವುದು ನನ್ನ ಹುಟ್ಟುಗುಣ ಎಂದು ಅಮ್ಮ ಇವತ್ತಿಗೂ ಹೇಳುತ್ತಾಳೆ.

ರಾಜಾಜಿನಗರದ ಆ ಕಾಲೇಜಿನಲ್ಲಿ ನಮ್ಮ ಮೇಡಂ ಸ್ಪ್ಯಾನಿಷ್ ಪಾಠವನ್ನು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರು. ಅದನ್ನು ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು, ಅಲ್ಲಿಂದ ಸ್ಪ್ಯಾನಿಷ್‌ಗೆ ಹೋಗುವಷ್ಟರಲ್ಲಿ ಕ್ಲಾಸು ಮುಂದಿನ ಪುಟದಲ್ಲಿರುತ್ತಿತ್ತು. ಹಾಗಾಗಿ ಗೊತ್ತಿದ್ದ ಒಂದೇ ದಾರಿ ಹಿಡಿದೆ, ಬಾಯಿಪಾಠ. ಮಗ್ಗಿ ಬಂದದ್ದು ಹಾಗೆ, ಶ್ಲೋಕ ಬಂದದ್ದು ಹಾಗೆ, ಇದೂ ಬರಲೇಬೇಕಲ್ಲ! ಹೊಸಹಳ್ಳಿಯ ನಮ್ಮ ಮನೆಯ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಾ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಉರು ಹೊಡೆದದ್ದೇ ಹೊಡೆದದ್ದು. "ನನ್ನ ಕುಟುಂಬ" ಎಂಬ ಪಾಠವನ್ನಂತೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಗಡಗಡ ಒಪ್ಪಿಸುತ್ತಿದ್ದೆ.

ಮಧ್ಯದಲ್ಲಿ ಯಾರಾದರೂ ಬಾಯಿ ಹಾಕಿದರೆ ಮಾತ್ರ ಮುಗಿಯಿತು ಕಥೆ. ಮತ್ತೆ ಮೊದಲನೆಯ ಸಾಲಿನಿಂದ ಶುರುಮಾಡಬೇಕು. ಒಂದು ದಿನ ಕ್ಲಾಸ್ ಮುಗಿದ ಮೇಲೆ ಮೇಡಂ ನನ್ನನ್ನು ನಿಲ್ಲಿಸಿಕೊಂಡು ಕನ್ನಡದಲ್ಲೇ ಹೇಳಿದರು.

"ನೋಡಮ್ಮ, ನಿಂಗೆ ಪಾಠ ಬರತ್ತೆ, ಮಾತು ಬರಲ್ಲ. ಮಾತಾಡೋ ಪರೀಕ್ಷೆಗೆ ಹೊರಗಿನವರು ಬರ್ತಾರೆ. ಅದ್ರಲ್ಲಿ ಪಾಸಾಗ್ಲಿಲ್ಲ ಅಂದ್ರೆ ಮುಂದಿನ ಸೆಮಿಸ್ಟರ್‌ಗೆ ನಿನ್ನ ಈ ಕ್ಲಾಸಲ್ಲಿ ಇಟ್ಕೊಳೋಕಾಗಲ್ಲ. ಈಗ್ಲೇ ಕನ್ನಡಕ್ಕೆ ಹೋಗ್ಬಿಡು, ಒಳ್ಳೇದು."

ಅವರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು. ಕನ್ನಡ ನನಗೆ ಮನೆ. ಸೋತವಳನ್ನು ಅಟ್ಟುವ ಜಾಗ ಅಂತ ಯಾರಾದರೂ ಅದನ್ನು ತೋರಿಸಿದರೆ ಹೇಗೆ ಸಹಿಸಲಿ? "ಹೋಗಲ್ಲ ಮೇಡಂ" ಎಂದಷ್ಟೇ ಹೇಳಿ ಬಂದೆ.

ಪರೀಕ್ಷೆ ಬಂದದ್ದು ಚಳಿಗಾಲದಲ್ಲಿ, ಮನೆಮನೆಯಲ್ಲೂ ಅವರೆಕಾಳಿನದೇ ಅಡುಗೆ ನಡೆಯುವ ಹೊತ್ತಿನಲ್ಲಿ. ಅಮ್ಮ ಹಿದುಕಿದ ಬೇಳೆ ಹಾಕಿ ಅಕ್ಕಿರೊಟ್ಟಿ ತಟ್ಟಿ, "ಹೊಟ್ಟೆ ತುಂಬಿದ್ರೆ ಬಾಯಿ ತಾನಾಗೇ ಆಡತ್ತೆ ಕಣೇ" ಎಂದು ಡಬ್ಬಿ ಕೊಟ್ಟಳು. ನನಗೆ ತಿನ್ನಲಾಗಲಿಲ್ಲ. ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕರೆದು, ನನ್ನ ಸರದಿ ಬರುವ ಹೊತ್ತಿಗೆ ಊಟದ ಸಮಯ ದಾಟಿತ್ತು.

ಪರೀಕ್ಷಕರು ಸ್ಪೇನ್ ದೇಶದ ವಯಸ್ಸಾದ ಹೆಂಗಸು. ಕನ್ನಡದ ಗಂಧವೇ ಇಲ್ಲ. ಕಿಟಕಿಯ ಪಕ್ಕ ನಮ್ಮ ಮೇಡಂ. ಪಾಠದ ಮೊದಲ ಸಾಲು ನಾಲಿಗೆಯ ತುದಿಯಲ್ಲಿತ್ತು. ಆದರೆ ಆ ಹೊತ್ತಿನಲ್ಲಿ ಹಿರಿಯರೊಬ್ಬರು ಎದುರಿಗೆ ಬಾಡಿದ ಮುಖ ಹೊತ್ತು ಕುಳಿತಿದ್ದರೆ ನಮ್ಮವರ ಬಾಯಲ್ಲಿ ಬರುವುದೇನು?

"ಯಾ ಕೊಮಿಯೊ?" ಅಂದುಬಿಟ್ಟೆ. ಊಟ ಆಯ್ತಾ?

ಮೇಡಂ ಹಣೆ ಚಚ್ಚಿಕೊಂಡರು. ಪರೀಕ್ಷೆಯಲ್ಲಿ ಪ್ರಶ್ನೆ ಕೇಳಬೇಕಾದವರು ಅವರು, ನಾನಲ್ಲ! ಹಾಗೆ ನೋಡಿದರೆ ನಾವು ಕೇಳುವುದು ಪ್ರಶ್ನೆಯೇ ಅಲ್ಲ, ಅದು ನಮಸ್ಕಾರ. "ಆಯ್ತು, ನಿಮ್ದು?" ಎಂದರೆ ಅಲ್ಲಿಗೆ ಮುಗಿಯಿತು. ಆಕೆಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಪಾಪ, ನಿಜವನ್ನೇ ಹೇಳಿದರು. "ಇಲ್ಲ, ಇನ್ನೂ ಆಗಿಲ್ಲ. ತುಂಬಾ ಹಸಿವು."

ಅಯ್ಯೋ ದೇವರೇ, ಇದು ಪಾಠದಲ್ಲಿಲ್ಲ! ಹಸಿದಿದ್ದೇನೆ ಎಂದವರ ಮುಂದೆ "ನಮ್ಮ ಮನೆಯಲ್ಲಿ ನಾವು ನಾಲ್ಕು ಜನ" ಎಂದು ಒಪ್ಪಿಸಲು ನನ್ನ ಕೈಲಿ ಆಗಲಿಲ್ಲ. ಬ್ಯಾಗಿನಿಂದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮೇಜಿನ ಮೇಲಿಟ್ಟೆ. ಅವರೆಯ ಸೊಗಡು ಕೋಣೆಯೆಲ್ಲ ತುಂಬಿತು. ಆಕೆ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಬೇಳೆಯನ್ನು ತೋರಿಸಿ, "ಇದೇನು?" ಅಂದರು.

ಅವರೆಗೆ ಸ್ಪ್ಯಾನಿಷ್‌ನಲ್ಲಿ ಏನನ್ನುತ್ತಾರೋ ನನಗೇನು ಗೊತ್ತು? ಇದ್ದ ಪದಗಳನ್ನೇ ಜೋಡಿಸಿದೆ. ಇದು ಕಾಳು. ಚಳಿಯಲ್ಲಿ ಮಾತ್ರ ಬರುತ್ತದೆ. ಅಜ್ಜಿ ಮೂಸಿ ನೋಡಿಯೇ ಕೊಳ್ಳುತ್ತಾಳೆ. ನೀರಿನಲ್ಲಿ ನೆನೆಸುತ್ತೇವೆ, ಆಮೇಲೆ ಎಲ್ಲರೂ ಟಿವಿ ಮುಂದೆ ಕೂರುತ್ತೇವೆ. ಎರಡು ಬೆರಳಿನಲ್ಲಿ ಹಿಚುಕಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಜಿಗಿಯುತ್ತದೆ.

"ಜಿಗಿಯುತ್ತದೆಯೇ?"

"ಹೌದು, ಸೋಫಾದ ಕೆಳಗೆ! ಅಪ್ಪ ಹುಡುಕುತ್ತಾರೆ. ಅಜ್ಜಿ ಬೈಯುತ್ತಾಳೆ. ಅಮ್ಮ ನಗುತ್ತಾಳೆ."

ಆಕೆ ತಿನ್ನುತ್ತಲೇ ನಕ್ಕರು. ಕೇಳಿದರು, ಮತ್ತೆ ಕೇಳಿದರು. ಅಜ್ಜಿಯ ವಯಸ್ಸೆಷ್ಟು, ಅಪ್ಪನ ಕೆಲಸವೇನು, ರೊಟ್ಟಿ ತಟ್ಟುವುದು ಹೇಗೆ. ನಾನು ಕೈಯಾಡಿಸಿ, ತಡವರಿಸಿ, ತಪ್ಪಿ, ತಪ್ಪನ್ನು ನುಂಗಿಕೊಂಡು ಮುಂದೆ ಹೋದೆ. ಮಧ್ಯದಲ್ಲಿ ಅದೆಷ್ಟು ಸಲ ಬಾಯಿ ಹಾಕಿದರೋ! ಒಮ್ಮೆಯೂ ನಾನು ಮೊದಲ ಸಾಲಿಗೆ ಓಡಲಿಲ್ಲ. ನನ್ನ ಕುಟುಂಬವೆಲ್ಲ ಆ ಮೇಜಿನ ಸುತ್ತ ಬಂದು ಕುಳಿತಿತ್ತು, ಪಾಠದ ಒಂದು ವಾಕ್ಯವೂ ಇಲ್ಲದೆ.

ಹೊರಗೆ ಬಂದ ಮೇಡಂ ನನ್ನ ಭುಜ ತಟ್ಟಿದರು. "ಇವತ್ತು ನೀನು ಒಪ್ಪಿಸ್ಲಿಲ್ಲ ಕಣೇ, ಮಾತಾಡ್ದೆ. ಎಲ್ಲೂ ಹೋಗ್ಬೇಡ, ಈ ಕ್ಲಾಸಲ್ಲೇ ಇರು."

ಇದ್ದೆ. ಡಿಗ್ರಿ ಮುಗಿಯುವವರೆಗೂ ಇದ್ದೆ. ಈಗ ಸ್ಪ್ಯಾನಿಷ್‌ನಲ್ಲಿ ಚೆನ್ನಾಗಿಯೇ ಜಗಳವಾಡಬಲ್ಲೆ. ಜಂಬ ಎಂದುಕೊಳ್ಳುವವರು ಎಂದುಕೊಳ್ಳಲಿ, ಕಷ್ಟಪಟ್ಟು ಸಂಪಾದಿಸಿದ ಜಂಬ ಅದು.

ಆ ಸಂಜೆ ಮನೆಯಲ್ಲಿ ಅಮ್ಮ ಖಾಲಿ ಡಬ್ಬಿ ನೋಡಿ ಖುಷಿಯಾದಳು.

"ಪೂರ್ತಿ ತಿಂದ್ಯಾ?"

"ನಾನೆಲ್ಲಿ ತಿಂದೆ? ಪರೀಕ್ಷೆ ಮಾಡೋಕೆ ಬಂದೋರು ತಿಂದ್ರು."

"ಅಯ್ಯಯ್ಯೋ! ಏನಂದ್ರು ಅವ್ರು?"

ರೊಟ್ಟಿಯ ಬಗ್ಗೆ ಆಕೆ ಹೇಳಿದ್ದನ್ನೆಲ್ಲ ಅವರ ಸ್ಪ್ಯಾನಿಷ್‌ನಲ್ಲೇ ಹೇಳಿದೆ. ಅಮ್ಮನಿಗೆ ಒಂದು ಅಕ್ಷರವೂ ಅರ್ಥವಾಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, ಗ್ಯಾಸ್ ಆರಿಸಿ ಬಂದು, ನನ್ನ ಎದುರಿಗೆ ಕುಳಿತಳು.

"ಇನ್ನೊಂದ್ಸಲ ಹೇಳು" ಅಂದಳು.