ದ್ರಾಹಾ ಹೊರಗೆಳೆದ ಕನ್ನಡಿ

ದ್ರಾಹೊಮೀರಾ ಷಿಮುನ್ಕೊವಾ ಓಸ್ತ್ರಾವಾ ನಗರದಲ್ಲಿ ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವಳು. ಗೋಸುಂಬೆ ಸಾಕುವವರ ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗೂ ಅವಳು ದ್ರಾಹಾ. ಆರನೇ ಮಹಡಿಯ ಮನೆಯಲ್ಲಿದ್ದ ಒಂದೇ ಮಲಗುವ ಕೋಣೆಯನ್ನು ಗೋಸುಂಬೆಗಳಿಗೆ ಬಿಟ್ಟು, ತಾನು ಅಡುಗೆಮನೆಯ ಸೋಫಾದ ಮೇಲೆ ಮಲಗುತ್ತಿದ್ದಳು.

ನಾವು ತಳಿಗೆ ಗಂಡು ಆರಿಸುತ್ತಿದ್ದುದು ಬಣ್ಣ ನೋಡಿ. ಅವಳು ಬೆಳಿಗ್ಗೆ ಪಂಜರದ ಬಾಗಿಲು ತೆರೆದು ಸುಮ್ಮನೆ ಕೈ ಚಾಚುತ್ತಿದ್ದಳು. ಮೈ ಉಬ್ಬಿಸಿ ಬುಸುಗುಟ್ಟುವುದನ್ನು ಪಕ್ಕಕ್ಕಿಟ್ಟು, ನಿಧಾನವಾಗಿ ಕೈಯೇರಿ ಬರುವುದನ್ನು ತಳಿಗೆ ಇಟ್ಟುಕೊಳ್ಳುತ್ತಿದ್ದಳು. ಹೆಣ್ಣುಗಳಿಗೆ ನಾವು ದಿನವೂ ಹೊಟ್ಟೆ ಬಿರಿಯುವಷ್ಟು ಮಿಡತೆ ತಿನ್ನಿಸುತ್ತಿದ್ದೆವು. ಅವು ಒಂದೇ ಸಲಕ್ಕೆ ನಲವತ್ತು ಮೊಟ್ಟೆ ಇಟ್ಟು, ಎರಡನೇ ವರ್ಷ ಕಾಣುವ ಮೊದಲೇ ಸಾಯುತ್ತಿದ್ದವು. ಅವಳ ಹೆಣ್ಣುಗಳು ಅಳತೆಯಾಗಿ ತಿಂದು ಹದಿನೈದಿಟ್ಟು ಬದುಕುತ್ತಿದ್ದವು. ಅವಳಿಗೆ ಒಂದು ಸಲವೂ ಬಹುಮಾನ ಬರಲಿಲ್ಲ. ಬರುವುದಾದರೂ ಹೇಗೆ, ಅಂಕ ಹಾಕುತ್ತಿದ್ದವರು ನಾವಲ್ಲವೇ!

ಒಂದು ವಸಂತದಲ್ಲಿ ನಡೆದ ಕ್ಲಬ್ಬಿನ ಪ್ರದರ್ಶನದಲ್ಲಿ ಎಲ್ಲರ ಕಣ್ಣು ರಾದೊವಾನ್ ಕುಬೆಷ್ ತಂದ ಗಂಡಿನ ಮೇಲೆ. ಕುಬೆಷ್ ಪ್ರಾಣಿಗಳ ವ್ಯಾಪಾರಿ. ಅವನ ಗೋಸುಂಬೆ ಕೆಂಡದಂತೆ ಕೆಂಪು, ನಡುವೆ ನೀಲಿ ಪಟ್ಟೆ. ಪ್ರದರ್ಶನದ ಬಾಗಿಲು ತೆರೆದ ಗಳಿಗೆಯಿಂದ ಅದು ಹಾಗೇ ಉರಿಯುತ್ತಿತ್ತು. ಕ್ಲಬ್ಬಿನ ಕಾರ್ಯದರ್ಶಿಯೂ ತೀರ್ಪುಗಾರನೂ ಆಗಿದ್ದ ನಾನು ಅದಕ್ಕೆ ಪೂರ್ತಿ ಅಂಕ ಹಾಕಿದೆ. ಬಹುಮಾನದ ಬಟ್ಟಲೂ ಅದಕ್ಕೇ ಹೋಯಿತು.

ಮಧ್ಯಾಹ್ನ ನಾನು ಬಿಯರ್ ಹಿಡಿದು ಬಂದಾಗ ದ್ರಾಹಾ ಆ ಪಂಜರದ ಮುಂದೆ ನಿಂತಿದ್ದಳು. ಇದು ಬೆಳಿಗ್ಗೆಯಿಂದ ಹೀಗೇ ಇದೆಯಾ ಎಂದು ಕೇಳಿದಳು. ಹೌದು ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

"ಐದು ಗಂಟೆ ಹೊತ್ತು ಒಂದೇ ಸಮನೆ ಸಿಟ್ಟಲ್ಲಿ ಇರೋಕಾಗುತ್ತೇನೋ? ನಿನ್ನ ಕೈಲಾಗುತ್ತಾ?"

ಹೀಗೆನ್ನುತ್ತಲೇ ಅವಳು ಜಾಲರಿಯ ಬಾಗಿಲು ತೆಗೆದು, ಎಲೆಗಳ ಮರೆಗೆ ಕೈ ಹಾಕಿ ಅಂಗೈಯಗಲದ ಕನ್ನಡಿಯೊಂದನ್ನು ಹೊರಗೆಳೆದಳು. ಇನ್ನೊಂದು ಗಂಡನ್ನು ಕಂಡರೆ ಗಂಡು ಗೋಸುಂಬೆ ಸಿಟ್ಟಿನಿಂದ ಬಣ್ಣವೇರುತ್ತದೆ; ಆ ಬಡಪಾಯಿ ಬೆಳಿಗ್ಗೆಯಿಂದ ತನ್ನ ಬಿಂಬವನ್ನೇ ಶತ್ರುವೆಂದುಕೊಂಡು ಬೆದರಿ ಉಬ್ಬುತ್ತಿತ್ತು. ಕಾಲು ಗಂಟೆಯಲ್ಲಿ ಅದರ ಬಣ್ಣವೆಲ್ಲ ಇಳಿದು, ಹಾಡುಹಗಲೇ ಕಣ್ಣು ಮುಚ್ಚಿ ಕೊಂಬೆಗೆ ಜೋತುಬಿತ್ತು.

ಕುಬೆಷ್ ಓಡಿ ಬಂದ. "ನನ್ನ ಪಂಜರಕ್ಕೆ ಕೈ ಹಾಕೋಕೆ ನೀವ್ಯಾರ್ರೀ? ಟ್ರಾಮ್ ಗಂಟೆ ಹೊಡ್ಕೊಂಡು ಇರಿ, ಸಾಕು."

"ಗಂಟೆ ಹೊಡೆದ್ರೆ ಜನ ಪಕ್ಕಕ್ಕೆ ಸರೀತಾರೆ ಕುಬೆಷ್ ಅವ್ರೇ. ಇದು ಪಾಪ ಎಲ್ಲಿಗೆ ಸರೀಬೇಕಿತ್ತು?"

ಮುಂದೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಬೇರೆಯವರ ಪಂಜರ ಮುಟ್ಟಬಾರದೆಂಬ ನಿಯಮ ನಮ್ಮಲ್ಲಿತ್ತು. ಕನ್ನಡಿ ಇಡಬಾರದೆಂಬ ನಿಯಮ ಇರಲಿಲ್ಲ. ಹಾಗಾಗಿ ಬಟ್ಟಲು ಕುಬೆಷ್‌ನ ಬಳಿಯೇ ಉಳಿಯಿತು, ದ್ರಾಹಾಳನ್ನು ಒಂದು ವರ್ಷ ಕ್ಲಬ್ಬಿನಿಂದ ಹೊರಗಿಟ್ಟರು. ಆ ಕಾಗದ ಟೈಪು ಮಾಡಿ ಸಹಿ ಹಾಕಿದವನು ನಾನೇ. ಎಲ್ಲ ನಿಯಮದ ಪ್ರಕಾರವೇ ಆಯಿತಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಮನೆಗೆ ಹೋದೆವು.

ಕುಬೆಷ್‌ನ ಆ ಗಂಡು ಗೋಸುಂಬೆಯನ್ನು ಪ್ರದರ್ಶನದ ದಿನವೇ ಓಪಾವಾದ ಒಬ್ಬ ಶಿಕ್ಷಕಿ ಕೊಂಡಿದ್ದರು. ಹನ್ನೊಂದನೇ ದಿನ ಫೋನ್ ಮಾಡಿ, ಅದು ಒಂದು ಮಿಡತೆಯನ್ನೂ ಮುಟ್ಟದೆ ಸತ್ತಿತು, ನಾನೇನು ತಪ್ಪು ಮಾಡಿದೆ ಎಂದು ನನ್ನನ್ನು ಕೇಳಿದರು. ತಪ್ಪು ಅವರದಲ್ಲ ಎಂದಷ್ಟೇ ಹೇಳಿದೆ. ಯಾರದೆಂದು ಹೇಳುವ ಧೈರ್ಯ ಬರಲಿಲ್ಲ.

ಮರುದಿನ ದ್ರಾಹಾಳ ಬಾಗಿಲು ತಟ್ಟಿದೆ. ಅವಳು ಪಂಜರಗಳಿಗೆ ನೀರು ಸಿಂಪಡಿಸುತ್ತಿದ್ದಳು. ಕ್ಷಮಿಸು ಎಂದೆ. ಅವಳು ತಿರುಗಿಯೂ ನೋಡಲಿಲ್ಲ.

"ನನ್ನ ಹತ್ರ ಯಾಕೋ ಕ್ಷಮೆ ಕೇಳ್ತೀಯ? ನಾನೇನು ಸತ್ತಿದ್ದೀನಾ? ಹೋಗು, ನಿಯಮ ಬರಿ."

ಪಂಜರದಲ್ಲಿ ಕನ್ನಡಿ ಇಡಬಾರದೆಂದು ಬರೆದೆ. ಮೊದಲ ವರ್ಷ ಸಭೆಯಲ್ಲಿ ಸೋತೆ, ಎರಡನೇ ವರ್ಷ ಎರಡು ಮತದಿಂದ ಗೆದ್ದೆ. ಕುಬೆಷ್ ಅಷ್ಟರಲ್ಲಿ ಗೋಸುಂಬೆ ಬಿಟ್ಟು ಗಿಳಿಗಳ ವ್ಯಾಪಾರಕ್ಕಿಳಿದಿದ್ದ. ದ್ರಾಹಾ ಕ್ಲಬ್ಬಿಗೆ ಮರಳಿ ಬರಲೇ ಇಲ್ಲ. ಕರೆಯಲು ಹೋದ ಅಧ್ಯಕ್ಷರಿಗೆ ಕಾಫಿ ಕೊಟ್ಟು ಕಳಿಸಿದಳಂತೆ.

ಈಗ ಜನ ಗೋಸುಂಬೆ ಕೊಳ್ಳಲು ಅವಳ ಮನೆಗೇ ಹೋಗುತ್ತಾರೆ, ದೂರದ ಬ್ರಾಟಿಸ್ಲಾವಾದಿಂದಲೂ ಬರುತ್ತಾರೆ. ಹೋದ ತಿಂಗಳು ನಾನಿದ್ದಾಗ ಒಬ್ಬ ಬಂದ. ಇದ್ದುದರಲ್ಲಿ ತುಂಬ ಕೆಂಪಗಿರೋದು ಯಾವುದು ಎಂದು ಹೊಸ್ತಿಲಲ್ಲೇ ಕೇಳಿದ. ದ್ರಾಹಾ ಅವನಿಗೆ ಲಿಫ್ಟ್ ಎಲ್ಲಿದೆಯೆಂದು ತೋರಿಸಿ ಬಾಗಿಲು ಹಾಕಿಕೊಂಡಳು.