ಅತ್ತೆಯ ಹೆಗಲಿನ ಗಂಟು

ಮಕ್ಕಳೇ, ನೀವು ಹೊದ್ದು ಮಲಗುವ ಕೌದಿಯನ್ನು ಒಮ್ಮೆ ತಿರುಗಿಸಿ ನೋಡಿರಿ. ಹಳೆಯ ಸೀರೆಯ ತುಂಡುಗಳ ಮೇಲೆ ಇರುವೆ ಸಾಲಿನಂತೆ ಸಾಗಿದ ಆ ಹೊಲಿಗೆಯೆಲ್ಲ ನನ್ನ ಅತ್ತೆಯವರ ಕೈಯದು. ರೊಟ್ಟಿ ಬಡಿದು ಮುಗಿಸಿ, ಹುಬ್ಬಳ್ಳಿಯ ನಮ್ಮ ಪಡಸಾಲೆಯಲ್ಲಿ ಕುತ್ತಿಗೆ ಬಗ್ಗಿಸಿ ಹೊಲಿಯಲು ಕುಳಿತರೆಂದರೆ ದೀಪ ಹಚ್ಚುವ ಹೊತ್ತಿಗೇ ಅವರು ತಲೆ ಎತ್ತುತ್ತಿದ್ದದ್ದು.

ನಾನು ಶಿರಗುಪ್ಪಿಯಿಂದ ಸೊಸೆಯಾಗಿ ಬಂದ ವರ್ಷ ಅವರ ಬಲಗಣ್ಣಿನ ಹಿಂದೆ ನೋವು ಶುರುವಾಯಿತು. ಕುತ್ತಿಗೆ ತಿರುಗದು, ಕೈ ಮೇಲೇಳದು. ಆದರೂ ಅವರ ಹೆದರಿಕೆಯೆಲ್ಲ ಕಣ್ಣಿನದೇ. ಅವರ ತಾಯಿ ಕಣ್ಣು ಕಳೆದುಕೊಂಡು, ಗೋಡೆ ತಡವುತ್ತಲೇ ಕಾಲ ಕಳೆದವರು. ತಮಗೂ ಅದೇ ಗತಿಯೆಂದು ಅತ್ತೆ ಆಗಾಗ ಎಡಗಣ್ಣು ಮುಚ್ಚಿ ಬಾಗಿಲ ಕಡೆ ನೋಡಿಕೊಳ್ಳುತ್ತಿದ್ದರು.

ಕಾಲು ಮುಂದಾಗಿ ಹುಟ್ಟಿದವರ ಕಾಲು ತಾಗಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ನಾನು ಹಾಗೆ ಹುಟ್ಟಿದವಳು. ನೆರೆಮನೆಯ ಗಂಗಕ್ಕನಿಗೆ ಅದು ಹೇಗೋ ತಿಳಿದುಬಿಟ್ಟಿತು.

"ಮನ್ಯಾಗ ಮದ್ದು ಇಟಗೊಂಡು ನರಳಾಕತ್ತೀರಲ್ರಿ ಅಕ್ಕಾರ! ಸೊಸಿ ಕಡಿಂದ ಒದಿಸಿಕೊಳ್ರಿ. ಊರಾಗ ಎಷ್ಟು ಅತ್ತೆಗೋಳಿಗೆ ಸಿಗತೈತಿ ಈ ಭಾಗ್ಯ!"

ಅತ್ತೆಯ ಮುಂದೆ ದನಿಯನ್ನೇ ಎತ್ತದವಳು ಅವರ ಮೈಗೆ ಕಾಲು ತಾಗಿಸುವುದು ಹೇಗೆ? ಆದರೆ ಅವರು ಆಗಲೇ ಚಾಪೆಯ ಮೇಲೆ ಬೋರಲು ಮಲಗಿದ್ದರು. ಮೊದಲು ನಮಸ್ಕಾರ ಮಾಡಿ, ಗೋಡೆ ಹಿಡಿದು, ಅವರ ಬೆನ್ನಿಗೆ ಹಿಮ್ಮಡಿ ಸೋಕಿಸಿದೆ.

"ನೊಣ ಕುಂತಾಂಗ ಆತು. ಒತ್ತವಾ!"

ಒತ್ತಿದೆ. ಹಿಮ್ಮಡಿ ಜಾರಿ, ಕುತ್ತಿಗೆಯೂ ಹೆಗಲೂ ಕೂಡುವಲ್ಲಿ ಊರಿತು.

"ಯವ್ವಾ! ಕಣ್ಣಾಗ ಚುಚ್ಚಿತಲ್ಲ!"

ಕಾಲಿಟ್ಟದ್ದು ಹೆಗಲಿಗೆ, ಚುಚ್ಚಿದ್ದು ಕಣ್ಣಿಗೆ! ನನ್ನ ನಾಚಿಕೆ ಎಲ್ಲಿ ಅಡಗಿತೋ, ಕುಳಿತು ಹೆಬ್ಬೆರಳಿನಿಂದ ತಡವತೊಡಗಿದೆ. ಚರ್ಮದಡಿ ಹುಣಸೆಬೀಜದಂಥ ಗಂಟೊಂದು ಸಿಕ್ಕಿತು. ಅದರ ಪಕ್ಕದಲ್ಲಿ ಒತ್ತಿದರೆ ಅತ್ತೆ ಸುಮ್ಮನಿರುವರು. ಅದನ್ನೇ ಒತ್ತಿದರೆ ಕಣ್ಣಿಗೆ ಕೈ ಹೋಗುವುದು. ಪಡಸಾಲೆಯಲ್ಲಿ ಹಗ್ಗ ಜಗ್ಗಿದರೆ ಒಳಮನೆಯ ತೊಟ್ಟಿಲು ತೂಗುತ್ತದಲ್ಲ, ಮೈಯೊಳಗೂ ಅಂಥ ಹಗ್ಗಗಳಿರಬಹುದೇ? ಯಾರು ಕಟ್ಟಿದ್ದು, ಎಲ್ಲಿಂದ ಎಲ್ಲಿಗೆ? ನಾನು ಕಲಿತ ಹಳ್ಳಿಯ ಸಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಇಂದಿಗೂ ನನಗದು ಸೋಜಿಗವೇ.

ಬೆರಳು ಕದಲಿಸದೆ ಹಿಡಿದುಕೊಂಡೇ ಇದ್ದೆ. ಗಂಟು ಮೆಲ್ಲಗೆ ಮೆತ್ತಗಾಯಿತು. ಆಮೇಲೆ ಉಪ್ಪು ಹುರಿದು ಅರಿವೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ಅತ್ತೆ ಎದ್ದು ಕುಳಿತು ಕುತ್ತಿಗೆಯನ್ನು ಹೆದರುತ್ತ ಆ ಕಡೆ ಈ ಕಡೆ ತಿರುಗಿಸಿದರು.

"ಹಂಗಾರ ಕಣ್ಣಾಗ ಏನೂ ಇಲ್ಲೇನ?"

"ಇಲ್ಲ ಅನಸತೈತ್ರಿ. ನೋವೆಲ್ಲಾ ಹೆಗಲಿಂದ ರೀ."

ಅವರು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಮೂಗು ಒರೆಸಿಕೊಂಡು, "ಅದೆಲ್ಲಿತ್ತು, ತೋರಸು" ಎಂದು ನನ್ನನ್ನು ತಿರುಗಿ ಕೂಡ್ರಿಸಿ, ನನ್ನ ಹೆಗಲನ್ನೇ ತಡವಿ ಹುಡುಕಿದರು. ಕೊಡ ಹೊತ್ತ ಹೆಗಲು. ಅವರ ಬೆರಳು ಒಂದು ಕಡೆ ನಿಂತಾಗ ನಾನು ಹಲ್ಲು ಕಚ್ಚಿದೆ.

"ನಿನಗೂ ಐತಲ್ಲ ಹುಡುಗಿ! ಯಾಕ ಹೇಳಲಿಲ್ಲ?"

ನಾನು ತಲೆ ಬಗ್ಗಿಸಿ ಕುತ್ತಿಗೆ ಸಡಿಲ ಬಿಟ್ಟೆ. ಅವರು ಬೆರಳು ತೆಗೆಯಲಿಲ್ಲ.